ಹನ್ನೊಂದರಿಂದ ಹನ್ನೆರಡು

ನಮ್ಮೂರಿನಲ್ಲಿ ಕ್ಷಯದ ಕೆಮ್ಮು ಕೆಮ್ಮಿದ ಜಾಗದಲ್ಲೇ ಉಳಿಯುತ್ತದೆ. ಬೆಳಿಗ್ಗೆ ಎಂಟೂ ಹತ್ತಕ್ಕೆ ನೀವು ನಲ್ಲಿಯ ಹತ್ತಿರ ಕೆಮ್ಮಿದಿರಿ ಎನ್ನಿ, ನಾಳೆಯೂ ನಾಡಿದ್ದೂ ಎಂಟೂ ಹತ್ತಕ್ಕೆ ಅದೇ ನಲ್ಲಿಯ ಹತ್ತಿರ ಅದೇ ಕೆಮ್ಮು ಕೇಳುತ್ತದೆ, ನೀವು ಅಲ್ಲಿದ್ದರೂ ಸರಿ, ಇಲ್ಲದಿದ್ದರೂ ಸರಿ. ನೀವು ಗುಣವಾದ ದಿನ ಅದು ನಿಲ್ಲುತ್ತದೆ. ನೀವು ಸತ್ತ ದಿನವೂ ನಿಲ್ಲುತ್ತದೆ. ಮೊದಲನೆಯದನ್ನು ಸರಕಾರ ಬರೆದುಕೊಂಡಿತು, ಎರಡನೆಯದನ್ನು ಬರೆದುಕೊಳ್ಳಲಿಲ್ಲ. ಊರಿನ ಆಸ್ಪತ್ರೆಯ ಕ್ಷಯದ ಕೋಣೆಯಲ್ಲಿ ಇಪ್ಪತ್ತೆರಡು ವರ್ಷ ಮಾತ್ರೆ ಹಂಚಿದ ನರ್ಸು ನಾನು, ಜನರ ಬಾಯಲ್ಲಿ ಅಂಬುಜಕ್ಕ. ನನ್ನ ಹೊಟ್ಟೆಯುರಿಯೆಲ್ಲ ಆ ಬರೆದುಕೊಳ್ಳದ ಮಾತಿನದು.

ಊರು ಮಗ್ಗದವರದು. ಹತ್ತಿಯ ದೂಳು, ಕಿಟಕಿಯಿಲ್ಲದ ಕೋಣೆ, ಒಂದು ಕೋಣೆಯಲ್ಲಿ ಆರು ಮಗ್ಗ, ಹನ್ನೆರಡು ಜನ. ರೋಗಕ್ಕೆ ಇದಕ್ಕಿಂತ ಒಳ್ಳೆಯ ತವರುಮನೆ ಎಲ್ಲಿ ಸಿಗುತ್ತದೆ? ಜನ ಹೊಂದಿಕೊಂಡಿದ್ದರು. ಹೆಣ್ಣು ಕೊಡುವವರು ಗಂಡಿನ ಮನೆಗೆ ಹೊತ್ತು ಹುಟ್ಟುವ ಮುಂಚೆ ಬಂದು ಹೊತ್ತು ಮುಳುಗುವವರೆಗೆ ಕೂತು, ಮಾತಿಗಿಂತ ಹೆಚ್ಚು ಗೋಡೆಗೆ ಕಿವಿಗೊಡುತ್ತಿದ್ದರು. ಕನ್ನಡ ಶಾಲೆಯ ಮಾಸ್ತರರು ಎರಡೂ ಐದಕ್ಕೆ ಪಾಠ ನಿಲ್ಲಿಸಿ, ಹಿಂದಿನ ಬೆಂಚಿನ ಕೆಮ್ಮು ಮುಗಿದ ಮೇಲೆ ಮುಂದುವರಿಸುತ್ತಿದ್ದರು. ಜಿಲ್ಲೆಗೆ ಹೋಗುವ ಬಸ್ಸಿನ ಮೂರನೆಯ ಸೀಟು ಒಂಬತ್ತೂ ಕಾಲಿಗೆ, ಬಸ್ಸು ಎಲ್ಲಿದ್ದರೂ ಅಲ್ಲಿ, ಯಾರೋ ಮುದುಕನಂತೆ ಕೆಮ್ಮುತ್ತಿತ್ತು. ಕಂಡಕ್ಟರ್ ಅದಕ್ಕೆ ಟಿಕೆಟು ಹರಿಯುವ ತಮಾಷೆ ಮಾಡುತ್ತಿದ್ದ. ಒಂದು ದಿನ ಸೀಟು ಸುಮ್ಮನಾಯಿತು. ಆಮೇಲೆ ಅವನು ತಮಾಷೆ ಮಾಡಲಿಲ್ಲ.

ಒಬ್ಬರ ಕೆಮ್ಮಿನಂತೆ ಇನ್ನೊಬ್ಬರದು ಇರುವುದಿಲ್ಲವಾದ್ದರಿಂದ ಸರಕಾರಕ್ಕೆ ಇದು ಬಹಳ ಅನುಕೂಲವಾಯಿತು. ವರ್ಷಕ್ಕೊಂದು ದಿನ ಜಿಲ್ಲೆಯ ಕ್ಷಯ ಅಧಿಕಾರಿ ಚಂದ್ರಮೌಳಿ ಸಾಹೇಬರು ಜೀಪಿನಲ್ಲಿ ಬಂದು, ಹನ್ನೊಂದರಿಂದ ಹನ್ನೆರಡು ಗಂಟೆಯವರೆಗೆ ಓಣಿ ಓಣಿ ನಿಂತು, ಎಷ್ಟು ಜನರ ಕೆಮ್ಮು ಕೇಳಿತು ಎಂದು ಎಣಿಸುತ್ತಿದ್ದರು. ಹನ್ನೊಂದೇ ಏಕೆ ಎಂದರೆ, ಹತ್ತಕ್ಕೆ ಜಿಲ್ಲೆ ಬಿಟ್ಟರೆ ಹನ್ನೊಂದಕ್ಕೆ ಇಲ್ಲಿ, ಹನ್ನೆರಡಕ್ಕೆ ಹೊರಟರೆ ಒಂದಕ್ಕೆ ಮನೆಯಲ್ಲಿ ಊಟ. ಹಿಂದಿನ ವರ್ಷ ಕೇಳಿದ್ದು ಈ ವರ್ಷ ಕೇಳದಿದ್ದರೆ ಅದರ ಮುಂದೆ ‘ಗುಣ’. ಯಾವ ಓಣಿಯಲ್ಲಿ ಎಣಿಕೆ ಕಡಿಮೆಯೋ ಆ ಓಣಿಗೆ ದಿನಾ ನೀರು. ಉಳಿದವರಿಗೆ ಎಂಟು ದಿನಕ್ಕೊಮ್ಮೆ.

ನೀರಿನ ಆಸೆ ತೋರಿಸಿದರೆ ನಮ್ಮ ಜನ ಏನು ಮಾಡಿಯಾರು? ಉಸಿರು ಹಿಡಿಯುವುದನ್ನು ಕಲಿತರು. ನೂಲಿನ ಗಿರಣಿಯ ಭೋಂಗಾ ಹನ್ನೊಂದಕ್ಕೆ ಕೂಗಿದ ಕೂಡಲೇ, ವರ್ಷದ ಮುನ್ನೂರ ಅರವತ್ತೈದು ದಿನವೂ (ಯಾವ ದಿನ ಕೆಮ್ಮಿದರೂ ಅದು ಎಣಿಕೆಯ ದಿನ ಕೇಳುತ್ತದಲ್ಲ), ಕ್ಷಯದವರೆಲ್ಲ ಬಾಯಿಗೆ ಲವಂಗ ಹಾಕಿಕೊಂಡು, ಸೆರಗೋ ಟವೆಲೋ ತುರುಕಿಕೊಂಡು ಕೂತುಬಿಡುತ್ತಿದ್ದರು. ಮುಖ ಕೆಂಪಗೆ, ಕಣ್ಣಲ್ಲಿ ನೀರು. ಓಣಿಯ ಹಿರಿಯರು ಬಾಗಿಲು ಬಾಗಿಲಿಗೆ ಹೋಗಿ ‘ತಡೀರಿ, ಇನ್ನ ಹತ್ತ ನಿಮಿಷ’ ಎನ್ನುತ್ತಿದ್ದರು. ಹನ್ನೆರಡರ ಭೋಂಗಾ ಆಯಿತೋ, ಇಡೀ ಊರು ಒಟ್ಟಿಗೆ ಕೆಮ್ಮುತ್ತಿತ್ತು. ಎಣಿಕೆಯ ದಿನ ಆ ಹೊತ್ತಿಗೆ ಸಾಹೇಬರ ಜೀಪು ಹಳ್ಳದ ಸೇತುವೆಯ ಕಡೆ ತಿರುಗಿರುತ್ತಿತ್ತು.

ನಾನೇನು ಹಾಲಿನಲ್ಲಿ ತೊಳೆದವಳಲ್ಲ. ಆ ಲವಂಗದ ಡಬ್ಬಿ ನನ್ನ ಮೇಜಿನ ಮೇಲೆಯೇ ಇರುತ್ತಿತ್ತು. ಮಾತ್ರೆಯ ಜೊತೆ ನಾಲ್ಕು ಲವಂಗ ಕಟ್ಟಿಕೊಟ್ಟು, ‘ಆಸ್ಪತ್ರೆಯ ಹೆಸರು ಉಳಸ್ರಿ’ ಎಂದವಳು ನಾನೇ. ಅಂಗಳದ ಗೋಡೆಯ ಮೇಲೆ ದೊಡ್ಡ ಹಲಗೆಯಲ್ಲಿ ವರ್ಷ ವರ್ಷದ ಎಣಿಕೆಯ ಗೆರೆ ಬರೆಸಿದ್ದರು. ಅದು ಇಳಿಯುತ್ತ ಇಳಿಯುತ್ತ ಬಂದದ್ದನ್ನು ನೋಡಿ ನನಗೂ ಹೆಮ್ಮೆಯಾಗುತ್ತಿತ್ತು. ಸಾಹೇಬರಿಗೆ ಎರಡು ಸಲ ಶಾಲು ಹೊದಿಸಿದರು. ನನಗೂ ಒಂದು ಗೋಡೆ ಗಡಿಯಾರ ಸಿಕ್ಕಿತು.

ಹೋದ ವರ್ಷದ ಎಣಿಕೆ ಹದಿನಾಲ್ಕಕ್ಕೆ ಇಳಿಯಿತು. ನನ್ನ ಪೆಟ್ಟಿಗೆಯಲ್ಲಿ ಮಾತ್ರೆ ನುಂಗುವವರ ಕಾರ್ಡು ಅರವತ್ಮೂರು. ಮೇಲಿನವರು ಅಲ್ಲಿಯವರೆಗೆ ಹಳೆಯ ದಾಸ್ತಾನಿನಲ್ಲಿ ಹೇಗೋ ತೂಗಿಸುತ್ತಿದ್ದರು. ಈ ಸಲ ಹೊಸ ಆದೇಶ ಬಂತು: ಎಣಿಕೆ ಎಷ್ಟೋ ಅಷ್ಟೇ ಮಾತ್ರೆ. ಗಾಡಿಯಿಂದ ಹದಿನಾಲ್ಕು ಪೆಟ್ಟಿಗೆ ಇಳಿಸಿ ಹೋದರು. ನಾನು ಕಾಗದ ಬರೆದೆ, ಫೋನು ಮಾಡಿದೆ, ಮತ್ತೆ ಕಾಗದ ಬರೆದೆ. ಉತ್ತರ ಬಂತು: ಹೆಚ್ಚಿನ ನಲವತ್ತೊಂಬತ್ತು ಜನ ನಿಗದಿತ ಸಮಯದಲ್ಲಿ ಕೆಮ್ಮಿದ ದಾಖಲೆ ಇರುವುದಿಲ್ಲ, ಆದ್ದರಿಂದ ಅವರನ್ನು ರೋಗಿಗಳೆಂದು ಪರಿಗಣಿಸಲು ಬರುವುದಿಲ್ಲ.

ಮಾತ್ರೆಯನ್ನು ರೊಟ್ಟಿಯಂತೆ ಮುರಿದು ಹಂಚಲು ಬರುವುದಿಲ್ಲ. ಅರೆಬರೆ ಕೊಟ್ಟರೆ ರೋಗ ಆ ಮಾತ್ರೆಗೆ ಪಳಗಿಬಿಡುತ್ತದೆ, ಆಮೇಲೆ ಪೂರ್ತಿ ಕೊಟ್ಟರೂ ಬಗ್ಗುವುದಿಲ್ಲ. ಹಾಗಾಗಿ ಹದಿನಾಲ್ಕು ಜನರ ಪಟ್ಟಿ ಮಾಡಬೇಕಾಯಿತು. ಮಕ್ಕಳನ್ನು ಮೊದಲು ಹಾಕಿದೆ, ಬಸುರಿಯರನ್ನು ಹಾಕಿದೆ, ರಕ್ತ ಕಾರುತ್ತಿದ್ದವರನ್ನು ಹಾಕಿದೆ. ಬಸಲಿಂಗವ್ವನನ್ನು ಬಿಟ್ಟೆ. ಆರು ತಿಂಗಳ ಮದ್ದಿನಲ್ಲಿ ಮೂರು ತಿಂಗಳು ಮುಗಿಸಿ ನಾಲ್ಕು ಕಿಲೋ ಮೈ ತುಂಬಿಕೊಂಡಿದ್ದಳು, ಕೆನ್ನೆ ತುಂಬಿದ್ದವು, ತಡೆದುಕೊಂಡಾಳು ಎಂದುಕೊಂಡೆ. ಆ ಪಟ್ಟಿ ನನ್ನ ಕೈಬರಹದಲ್ಲಿದೆ. ಅದನ್ನು ಯಾರ ಮೇಲೂ ಹಾಕಿ ನಾನು ತಪ್ಪಿಸಿಕೊಳ್ಳಲಾರೆ.

ಬಸಲಿಂಗವ್ವ ಕಂಡಿಕೆ ಸುತ್ತುವವಳು. ಮಗ್ಗದ ಲಾಳಿಯೊಳಗೆ ಕೂರುವ ಆ ಸಣ್ಣ ಕೊಳವೆಗೆ ನೂಲು ಸುತ್ತುತ್ತ, ಅತ್ತೆ ಗುರುಪಾದವ್ವನ ಎದುರು ಕೂತು, ಇಬ್ಬರೂ ದಿನವಿಡೀ ಜಗಳವಾಡುತ್ತ ನಗುತ್ತ ಇರುತ್ತಿದ್ದರು. ಗಂಡ ಆರು ವರ್ಷದ ಹಿಂದೆ ಇದೇ ರೋಗದಲ್ಲಿ ಹೋದ. ಆ ವರ್ಷದ ಎಣಿಕೆಯಲ್ಲಿ ಅವನ ಕೆಮ್ಮು ಕೇಳಲಿಲ್ಲ, ಅವನ ಹೆಸರಿನ ಮುಂದೆ ‘ಗುಣ’ ಬಿತ್ತು. ಗುಣವಾದವನ ಮನೆಯವರನ್ನು ಪರೀಕ್ಷೆ ಮಾಡುವ ಗೋಜಿಗೆ ಯಾರೂ ಹೋಗಲಿಲ್ಲ, ಅವಳಿಗೂ ಒಳಗೊಳಗೇ ಹತ್ತಿಕೊಂಡಿತು. ಮಾತ್ರೆ ಇಲ್ಲ ಎಂದು ಹೇಳಲು ನಾನೇ ಅವಳ ಮನೆಗೆ ಹೋದೆ.

"ಇಲ್ಲ ಅಂದ್ರ ಎಷ್ಟ ದಿನಾರ ಅಕ್ಕಾರ?" ಎಂದಳು ಬಸಲಿಂಗವ್ವ.

"ಗೊತ್ತಿಲ್ಲವ್ವಾ. ಎಣಿಕ್ಯಾಗ ನಿನ್ನ ಹೆಸರಿಲ್ಲ ಅಂತಾರ."

"ಅಲ್ರೀ, ನೀವ ಲವಂಗ ಕೊಟ್ರಿ, ನಾ ಬಾಯಿ ಮುಚ್ಚಿಕೊಂಡ ಕುಂತೆ. ಈಗ ಬಾಯಿ ಮುಚ್ಚಿಕೊಂಡದ್ದ ತಪ್ಪಾತ?"

ಗುರುಪಾದವ್ವ ಕಂಡಿಕೆ ಕೆಳಗಿಟ್ಟು, "ಅವರನ್ಯಾಕ ಅಂತಿ? ಅವರೂ ಹೇಳಿದಷ್ಟ ಕೇಳಾವ್ರು," ಎಂದಳು. ಆ ಸಮಾಧಾನದ ಮಾತು ಬೈಗುಳಕ್ಕಿಂತ ಜೋರಾಗಿ ನಾಟಿತು.

ಮೂವತ್ತು ದಿನ ಕಳೆಯುವುದರೊಳಗೆ ಅವಳ ಕೆನ್ನೆ ಮತ್ತೆ ಒಳಕ್ಕೆ ಹೋದವು. ಸಂಜೆಯ ಜ್ವರ ಬಂತು. ಕಂಡಿಕೆಯ ರಾಟೆಯ ಹತ್ತಿರ ಕೆಮ್ಮು ಎಷ್ಟು ಸೇರಿಕೊಂಡಿತೆಂದರೆ ಅತ್ತೆ ಸೊಸೆ ಒಬ್ಬರ ಮಾತು ಒಬ್ಬರಿಗೆ ಕೇಳದೆ ಕೈಸನ್ನೆ ಮಾಡುತ್ತಿದ್ದರು. ಮಾತ್ರೆ ನಿಂತ ಇತರರ ಮನೆಗಳಲ್ಲಿಯೂ ಅದೇ ಕಥೆ. ಆದರೆ ಹನ್ನೊಂದಾದರೆ ಎಲ್ಲರೂ ಗಪ್ ಚಿಪ್. ನೀರು ಹೋದೀತೆಂಬ ಭಯ, ಹಿರಿಯರ ಭಯ. ನನಗೆ ತಲೆ ಕೆಟ್ಟುಹೋಯಿತು. ಲವಂಗದ ಡಬ್ಬಿಯನ್ನು ಎತ್ತಿ ಚರಂಡಿಗೆ ಸುರಿದೆ, ಮನೆ ಮನೆಗೆ ಹೋದೆ. "ಎಣಿಕಿ ದಿನ ಮುಂದಿನ ಮಂಗಳವಾರ. ಸೋಮವಾರ ಹನ್ನೊಂದಕ್ಕ ಎಲ್ಲಾರೂ ಆಸ್ಪತ್ರಿ ಅಂಗಳಕ್ಕ ಬರ್ರಿ. ಬಾಯಿ ಬಿಟ್ಟ ಕೆಮ್ಮರಿ. ಓಣಿಗೆ ಕೆಟ್ಟ ಹೆಸರ ಬರಂಗಿಲ್ಲ, ನೀರೂ ಹೋಗಂಗಿಲ್ಲ, ಕೆಮ್ಮು ಆಸ್ಪತ್ರಿದಾಗತೈತಿ," ಎಂದೆ. ಮೊದಲು ಹೂಂ ಎಂದವಳು ಬಸಲಿಂಗವ್ವ. ಅವಳನ್ನು ನೋಡಿ ಉಳಿದವರು.

ಸೋಮವಾರ ಹನ್ನೊಂದೂ ಇಪ್ಪತ್ತಕ್ಕೆ ನಲವತ್ತೊಂಬತ್ತು ಜನ ಆ ಇಳಿಯುವ ಗೆರೆಯ ಹಲಗೆಯ ಕೆಳಗೆ ನಿಂತು, ವರ್ಷಗಟ್ಟಲೆ ಆ ಒಂದು ತಾಸಿನಲ್ಲಿ ನುಂಗಿಕೊಂಡದ್ದನ್ನೆಲ್ಲ ಹೊರಗೆ ಹಾಕಿದರು. ಕೆಲವರು ಕೆಮ್ಮುತ್ತಲೇ ಅತ್ತರು. ನಾನೂ ಅತ್ತೆ, ಸಿಟ್ಟಿನಿಂದ.

ಮಂಗಳವಾರ ಸಾಹೇಬರು ಬಂದರು. ಮೊದಲ ಓಣಿಯನ್ನು ಎಣಿಸಿ ಬಂದು, ಆಸ್ಪತ್ರೆಯ ಅಂಗಳದಲ್ಲಿ ಕುರ್ಚಿ ಹಾಕಿಸಿ ಎಳನೀರು ಕುಡಿಯುತ್ತ ಕೂತಿದ್ದರು. ರೋಗಿಗಳನ್ನೆಲ್ಲ ಕಂಪೌಂಡಿನ ಹೊರಗೆ ನಿಲ್ಲಿಸಿದ್ದೆ. ಹನ್ನೊಂದೂ ಇಪ್ಪತ್ತಾಯಿತು. ಖಾಲಿ ಅಂಗಳ ಕೆಮ್ಮತೊಡಗಿತು. ಗಂಡಸರದು, ಹೆಂಗಸರದು, ಮುದುಕರ ಗೊರ ಗೊರ, ಒಂದರ ಮೇಲೊಂದು. ಸಾಹೇಬರ ಕೈಯ ಎಳನೀರು ಅಂಗಿಯ ಮೇಲೆ ಚೆಲ್ಲಿತು. ಈಗ ಸಿಕ್ಕಿಬಿದ್ದರು, ಈಗ ತಲೆ ತಗ್ಗಿಸುತ್ತಾರೆ ಎಂದು ನಾನು ಕಾದೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ. ಅಂಗಳ ಸುಮ್ಮನಾಗಲು ಐದು ನಿಮಿಷ ಬೇಕಾಯಿತು. ಅಷ್ಟರಲ್ಲಿ ಸಾಹೇಬರು ಅಂಗಿ ಒರೆಸಿಕೊಂಡು, ಪೆನ್ನು ತೆಗೆದು, ನಗುತ್ತಿದ್ದರು.

"ಸಿಸ್ಟರ್, ಎಷ್ಟು ಒಳ್ಳೆಯ ಕೆಲಸ ಮಾಡಿದ್ದೀರಿ! ಒಂದೇ ವರ್ಷದಲ್ಲಿ ನಲವತ್ತೊಂಬತ್ತು ಹೊಸ ರೋಗಿಗಳ ಪತ್ತೆ. ಇಡೀ ವಿಭಾಗದಲ್ಲಿ ಯಾರೂ ಇಷ್ಟು ಪತ್ತೆ ಮಾಡಿಲ್ಲ. ಈ ಸಲ ಪತ್ತೆಯಲ್ಲೂ ನಾವೇ ಮೊದಲು."

"ಹೊಸಬರಲ್ಲ ಸಾಹೇಬರೇ, ಹಳಬರೇ. ಮಾತ್ರೆ ನಿಂತು ಮೂವತ್ತೇಳು ದಿನವಾಯಿತು. ಮಾತ್ರೆ ಯಾವಾಗ ಕಳಿಸುತ್ತೀರಿ?"

"ಎಣಿಕೆಗೆ ಬಂದರಲ್ಲ, ಇನ್ನೇನು ತೊಂದರೆ? ಮುಂದಿನ ವರ್ಷದ ಹಂಚಿಕೆಯಲ್ಲಿ ಖಂಡಿತ ಸೇರುತ್ತಾರೆ. ಏಪ್ರಿಲ್‌ನಿಂದ."

ಅದು ಅಕ್ಟೋಬರ್ ತಿಂಗಳು. ಇಳಿದರೂ ಇವರಿಗೇ ಶಾಲು, ಏರಿದರೂ ಇವರಿಗೇ ಶಾಲು. ಗೆರೆ ಯಾವ ಕಡೆ ಹೋದರೂ ಇವರ ಮನೆಯ ಬಾಗಿಲಿಗೇ ಹೋಗುವುದಾದರೆ ಮನುಷ್ಯರು ಯಾವ ಬಾಗಿಲಿಗೆ ಹೋಗಬೇಕು? ಎದುರು ಮಾತಾಡುವ ಧೈರ್ಯ ಮಾತ್ರ ನನಗೆ ಬರಲಿಲ್ಲ, ಇಪ್ಪತ್ತೆರಡು ವರ್ಷ ‘ಆಗಲಿ ಸರ್’ ಎಂದ ನಾಲಿಗೆ ಅದು.

ಕಂಪೌಂಡಿನ ಹೊರಗಿದ್ದ ಬಸಲಿಂಗವ್ವ ಎಲ್ಲ ಕೇಳಿಸಿಕೊಂಡಿದ್ದಳು. ಅವಳು ಗೇಟು ತೆಗೆದು ಒಳಗೆ ಬಂದವಳೇ ಸಾಹೇಬರ ಕಡೆ ತಿರುಗಿಯೂ ನೋಡದೆ ನೆರಳಿನಲ್ಲಿ ನಿಂತಿದ್ದ ಜೀಪಿನ ಹತ್ತಿರ ಹೋದಳು. ಮುಂದಿನ ಬಾಗಿಲು ತೆಗೆದು, ಸಾಹೇಬರು ಕೂರುವ ಸೀಟಿನ ಮೇಲೆ ಸೆರಗು ಹೊದ್ದು ಕೂತಳು.

"ಏಯ್, ಯಾರಮ್ಮ ಅದು? ಇಳಿ ಕೆಳಗೆ!" ಎಂದರು ಸಾಹೇಬರು.

"ಇಳೀತೀನ್ರಿ. ಒಂದೀಟ ಕೆಮ್ಮಿ ಇಳೀತೀನಿ," ಎಂದಳು. "ನಮ್ಮ ಕೆಮ್ಮು ನಿಮಗ ವರ್ಷಕ್ಕೊಮ್ಮಿ ಕೇಳತೈತಿ. ಇನ್ನ ಮ್ಯಾಲ ದಿನಾ ಕೇಳ್ರಿ. ಮೀಟಿಂಗಿಗೆ ಹೋಗ್ರಿ, ಮಗಳ ಮನಿಗೆ ಹೋಗ್ರಿ, ಎಲ್ಲಿ ಹೋದರೂ ನಾ ನಿಮ್ಮ ಮಗ್ಗಲಕ್ಕ ಇರತೀನಿ. ಇದು ನಿಲ್ಲಬೇಕಂದ್ರ ಮಾತ್ರಿ ಕಳಸ್ರಿ. ಇಲ್ಲಾಂದ್ರ ನಾ ಸಾಯೋ ತನಕ ಕಾಯ್ರಿ."

ಆಸ್ಪತ್ರೆಯ ಜಗಲಿಯಲ್ಲಿ ನಾನು ತೂಗುಹಾಕಿದ್ದ ಗೋಡೆ ಗಡಿಯಾರದಲ್ಲಿ ಹನ್ನೊಂದೂ ನಲವತ್ತಾಗಿತ್ತು. ಅವಳು ಕೆಮ್ಮಿದಳು. ಎರಡೂ ಕೈಯಿಂದ ಡ್ಯಾಶ್‌ಬೋರ್ಡು ಹಿಡಿದು, ಪಕ್ಕೆಲುಬು ಮುರಿಯುವ ಹಾಗೆ, ಕೊನೆಗೆ ಉಸಿರಿಲ್ಲದೆ ಒರಗುವವರೆಗೆ ಕೆಮ್ಮಿದಳು. ಗುರುಪಾದವ್ವ ಹೋಗಿ ಅವಳನ್ನು ಹಿಡಿದು ಇಳಿಸಿಕೊಂಡಳು. ಆಮೇಲೆ ಉಳಿದವರು ಯಾರೂ ಹೇಳದೆಯೇ ಸಾಲು ನಿಂತರು. ಹಿಂದಿನ ಸೀಟಿನಲ್ಲಿ, ಫೈಲಿನ ಪೆಟ್ಟಿಗೆಯ ಮೇಲೆ, ಸ್ಟೆಪ್ನಿಯ ಹತ್ತಿರ, ಒಬ್ಬೊಬ್ಬರೇ ಹೋಗಿ ಕೆಮ್ಮಿ ಬಂದರು. ಸಾಹೇಬರು ಕೂಗಾಡಿದರು, ಪೊಲೀಸರನ್ನು ಕರೆಸುತ್ತೇನೆ ಎಂದರು. ಕೆಮ್ಮಿದ್ದಕ್ಕೆ ಯಾವ ಕಲಮು ಹಾಕುತ್ತಾರೋ ಅವರಿಗೇ ಗೊತ್ತಿರಲಿಲ್ಲ. ಡ್ರೈವರ್ ಮಾತ್ರ ಮುಖ ಆ ಕಡೆ ಮಾಡಿ ನಿಂತಿದ್ದ, ಅವನ ಹೆಗಲು ಕುಣಿಯುತ್ತಿದ್ದುದು ನನಗೆ ಕಾಣುತ್ತಿತ್ತು.

ಮರುದಿನದಿಂದ ಜಿಲ್ಲೆಯಲ್ಲಿ ಏನು ನಡೆಯಿತೆಂದು ಆ ಡ್ರೈವರೇ ಹೇಳಿದ. ಕಲೆಕ್ಟರ್ ಕಚೇರಿಯ ಮುಂದೆ ನಿಲ್ಲಿಸಿದ್ದ ಜೀಪು ಹನ್ನೊಂದೂ ನಲವತ್ತಕ್ಕೆ ಶುರುವಾಗಿ ಹನ್ನೆರಡೂ ಕಾಲಿನವರೆಗೆ ಕೆಮ್ಮಿತಂತೆ. ಜನ ಸೇರಿದರಂತೆ. ಮೂರನೆಯ ದಿನ ಸಾಹೇಬರ ಬೀಗರ ಮನೆಯ ಸೀಮಂತದಲ್ಲಿ ಬಾಗಿಲೆದುರು ಕೆಮ್ಮಿತಂತೆ, ಬೀಗಿತ್ತಿ ಆರತಿ ತಟ್ಟೆ ಹಿಡಿದವಳು ಹಾಗೇ ಒಳಗೆ ಹೋದಳಂತೆ. ಸಾಹೇಬರು ಬೇರೆ ಜೀಪಿಗೆ ಅರ್ಜಿ ಹಾಕಿದರು. ಹಳೆಯ ಜೀಪು ಓಡುವ ಸ್ಥಿತಿಯಲ್ಲಿದೆ ಎಂದು ದಾಖಲೆ ಇರುವುದರಿಂದ ಪರಿಗಣಿಸಲು ಬರುವುದಿಲ್ಲ ಎಂದು ಮೇಲಿನಿಂದ ಉತ್ತರ ಬಂತಂತೆ. ಅದನ್ನು ಕೇಳಿ ಬಸಲಿಂಗವ್ವ ಹಾಸಿಗೆಯಲ್ಲೇ ನಕ್ಕಳು. ನಗುವೂ ಕೆಮ್ಮಾಯಿತು.

ಒಂಬತ್ತನೆಯ ದಿನ ಮಾತ್ರೆ ಬಂತು. ಏಪ್ರಿಲ್‌ವರೆಗೆ ಸಾಧ್ಯವೇ ಇಲ್ಲ ಎಂದದ್ದು ಅದೇ ಜೀಪಿನಲ್ಲಿ ಬಂತು, ನಲವತ್ತೊಂಬತ್ತು ಪೆಟ್ಟಿಗೆ, ಒಂದೂ ಕಡಿಮೆಯಿಲ್ಲ. ಎಲ್ಲಿತ್ತು ಅಲ್ಲಿಯವರೆಗೆ? ಜಿಲ್ಲೆಯ ಉಗ್ರಾಣದಲ್ಲಿಯೇ ಇತ್ತು. ನಮ್ಮ ಊರಿನಿಂದ ಒಂದು ತಾಸಿನ ದಾರಿ. ಇದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ, ಯಾರನ್ನೂ ಮರೆಯಲು ಬಿಡುವುದೂ ಇಲ್ಲ.

ಬಹಳ ಮಂದಿ ಚೇತರಿಸಿಕೊಂಡರು. ಬಸಲಿಂಗವ್ವ ಚೇತರಿಸಿಕೊಳ್ಳಲಿಲ್ಲ. ನಲವತ್ತಾರು ದಿನ ಮಾತ್ರೆ ಬಿಟ್ಟಿದ್ದ ಮೈಯಲ್ಲಿ ರೋಗ ಪಳಗಿಹೋಗಿತ್ತು. ದಿನಾ ಬೆಳಿಗ್ಗೆ ಹೋಗಿ ನನ್ನ ಕೈಯಾರೆ ನುಂಗಿಸುತ್ತಿದ್ದೆ. ಬಲವಾದ ಮದ್ದು ಬೇಕೆಂದು ಕಫದ ಡಬ್ಬಿಯನ್ನು ದೊಡ್ಡ ಆಸ್ಪತ್ರೆಗೆ ಕಳಿಸಿದೆ. ಅದರ ವರದಿ ಬರುವುದು ಇನ್ನೂ ಬಾಕಿ ಇತ್ತು. ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಹೋದಳು. ಕಂಡಿಕೆಯ ರಾಟೆಯ ಹತ್ತಿರ ಅಷ್ಟು ದಿನದಿಂದ ಸೇರಿದ್ದ ಸದ್ದೆಲ್ಲ ಒಮ್ಮೆಗೇ ನಿಂತಿತು. ಗುರುಪಾದವ್ವ ಅದಕ್ಕೇ ಅತ್ತಳು. "ಇಷ್ಟ ದಿನ ಬೇಡಾಗಿತ್ತ ಅಕ್ಕಾರ ಅದು, ಈಗ ಒಂದ ಸಲಾನರ ಕೇಳ್ಲಿ," ಎಂದಳು.

ಹನ್ನೆರಡಾಗಿ ಹತ್ತು ನಿಮಿಷಕ್ಕೆ ನನ್ನ ಫೋನು ಬಡಿದುಕೊಂಡಿತು. ಚಂದ್ರಮೌಳಿ ಸಾಹೇಬರು. ದನಿಯಲ್ಲಿ ಖುಷಿ ತುಂಬಿ ತುಳುಕುತ್ತಿತ್ತು. "ಸಿಸ್ಟರ್, ಮುಂದಿನ ಸೀಟಿನದು ಇವತ್ತು ಕೆಮ್ಮಲಿಲ್ಲ! ಆ ಹೆಂಗಸಿಗೆ ಗುಣವಾಯಿತು. ಕಾರ್ಡಿನಲ್ಲಿ ಬರೆದುಕೊಳ್ಳಿ, ನಾನೂ ಇಲ್ಲಿ ಬರೆದಿದ್ದೇನೆ."

ಆಗ ನನ್ನ ನಾಲಿಗೆಯ ಗಂಟು ಬಿಚ್ಚಿತು. "ಹೊಡೆದು ಹಾಕ್ರಿ ಸಾಹೇಬರ, ನೀವು ಬರೆದದ್ದನ್ನ. ಅಕಿ ಹೆಣಾ ನನ್ನ ಮುಂದ ಐತಿ. ಸತ್ತಳು ಅಂತ ಬರೀರಿ. ಮಾತ್ರಿ ಉಗ್ರಾಣದಾಗ ಇತ್ತು, ಕೊಡಲಿಲ್ಲ, ಅದಕ್ಕ ಸತ್ತಳು ಅಂತ ಬರೀರಿ. ಆ ಕಡತ ತಗೊಂಡ ಜೀಪ್ ಹತ್ತಿ ಬರ್ರಿ. ಅಕಿನ್ನ ಮಣ್ಣಿಗೆ ಒಯ್ಯಬೇಕು, ರುದ್ರಭೂಮಿ ದೂರ ಐತಿ, ಅಕಿನ್ನ ಹೊರೋ ಎದಿ ಈ ಓಣಿಯಾಗ ಯಾರಿಗೂ ಉಳದಿಲ್ಲ."

ಬರುತ್ತಾರೆಂದು ನಾನು ನಂಬಿರಲಿಲ್ಲ. ಎರಡೂವರೆಗೆ ಜೀಪು ಓಣಿಯ ಬಾಯಿಗೆ ಬಂದು ನಿಂತಿತು. ಸಾಹೇಬರು ಮುಂದಿನ ಸೀಟಿನಲ್ಲಿ ಕಡತ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು, ಇಳಿಯಲಿಲ್ಲ. ಕಿಟಕಿಯಿಂದ, "ಹಿಂದೆ ಜಾಗ ಮಾಡಿಸಿದ್ದೇನೆ, ಮಲಗಿಸಿಬಿಡಿ," ಎಂದರು.

ಗುರುಪಾದವ್ವ ಬಾಗಿಲ ಹತ್ತಿರ ಹೋದಳು. ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಸೊಸೆಗೆ ಉಡಿಸಿದ ಹೊಸ ಸೀರೆಯಿಂದ ಬಿಚ್ಚಿಕೊಂಡ ದಾರ. "ನಮ್ಮ ಮಂದಿ ಹೆಣಾ ಮಲಗಸಂಗಿಲ್ರೀ ಯಪ್ಪಾ," ಎಂದಳು, ದನಿ ಏರಿಸದೆ. "ಕುಂದ್ರಿಸಿ ಒಯ್ತೀವಿ. ಅಕಿ ಕುಂತಿದ್ದ ಜಾಗಾ ಅದು. ನೀವ ಇಳೀರಿ."

ಓಣಿಯ ಜನವೆಲ್ಲ ಬಾಗಿಲಲ್ಲಿ ನಿಂತಿತ್ತು. ಯಾರೂ ಕೆಮ್ಮನ್ನು ತಡೆಯಲಿಲ್ಲ. ಸಾಹೇಬರು ನನ್ನ ಮುಖ ನೋಡಿದರು, ಡ್ರೈವರ್ ಮುಖ ನೋಡಿದರು. ಡ್ರೈವರ್ ಆ ಕಡೆ ಬಂದು ಬಾಗಿಲು ತೆಗೆದು ಹಿಡಿದ. ಅವರು ಇಳಿದರು. ಬಸಲಿಂಗವ್ವನನ್ನು ಎತ್ತಿ ತಂದು, ಹೂವಿನ ಹಾರ ಹಾಕಿ, ಸಾಹೇಬರ ಸೀಟಿನಲ್ಲಿ ನೆಟ್ಟಗೆ ಕೂರಿಸಿದೆವು. ಜೀಪು ಊರ ನಡುವಿನಿಂದ ನಿಧಾನವಾಗಿ ಹೋಯಿತು. ಚಂದ್ರಮೌಳಿ ಸಾಹೇಬರು ಕಡತವನ್ನು ಕಂಕುಳಲ್ಲಿ ಇಟ್ಟುಕೊಂಡು, ಬೂಟಿಗೆ ದೂಳು ಮೆತ್ತಿಸಿಕೊಳ್ಳುತ್ತ, ನಮ್ಮ ಜೊತೆ ಅವಳ ಹಿಂದೆ ನಡೆದರು.